ಬುತ್ತಿ ಕಟ್ಟಿ ಹೊರಟವರು

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹೆಣ್ಣುಮಕ್ಕಳು ಜಿಮ್ ಮೆಟ್ಟಿಲು ಹತ್ತದಿರಬಹುದು, ವಿಠ್ಠಲನ ದರ್ಶನಕ್ಕೆ ಗುಂಪಾಗಿ ನಡೆದು ಹೋಗುವ ದಿಂಡಿ ಮಾತ್ರ ಬಿಡುವವರಲ್ಲ. ಆಷಾಢ ಏಕಾದಶಿಗೆ ಪಂಢರಪುರ ಮುಟ್ಟಬೇಕು. ಅಥಣಿಯಿಂದಲೇ ನೂರು ಕಿಲೋಮೀಟರಿಗೆ ಮೇಲಿನ ದಾರಿ. ಮಳೆ ಬಂದರೆ ತಲೆಗೆ ಪ್ಲಾಸ್ಟಿಕ್ ಹಾಳೆ, ಕೆಸರಾದರೆ ಚಪ್ಪಲಿ ಕೈಗೆ.

ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಹಿಂಡಿ. ದಿನಗಟ್ಟಲೆ ಕೆಡದ ಈ ಬುತ್ತಿಯ ಮುಂದೆ ಎನರ್ಜಿ ಬಾರ್ ಏನು ಮಹಾ? ತೂಕದ ಚಿಂತೆ ಯಾರಿಗೂ ಇಲ್ಲ. ಮೈಯದೂ ಇಲ್ಲ, ಗಂಟಿನದೂ ಇಲ್ಲ.

“ಮೊಣಕಾಲ ಬ್ಯಾನಿ ಅಂತಿದ್ರಿ, ಇಷ್ಟ ದೂರ ಹ್ಯಾಂಗ ನಡದ್ರಿ ವೈನಿ?”

“ಮನ್ಯಾಗ ಕುಂತ್ರ ಬ್ಯಾನಿ ತಂಗಿ, ನಡದ್ರ ಎಲ್ಲೀದ?”

ಡಾಕ್ಟರು ಒಪ್ಪಲಿಕ್ಕಿಲ್ಲ. ಸೊಸೆಯಂದಿರು ಖುಷಿಯಿಂದ ಒಪ್ಪಿದ್ದಾರೆ.

ಅಷ್ಟು ದೂರ ಆಗದವರಿಗೆ ರಾಯಬಾಗ ತಾಲ್ಲೂಕಿನಲ್ಲೇ ಚಿಂಚಲಿ ಮಾಯಕ್ಕನ ಮಾಘದ ಜಾತ್ರೆಯಿದೆ, ತಲೆಯಿಂದ ಕಾಲಿನವರೆಗೆ ಅರಿಶಿನದ ಭಂಡಾರ. ನಿಪ್ಪಾಣಿಯವರಿಗೆ ಕೊಲ್ಲಾಪುರದಾಚೆಯ ಜ್ಯೋತಿಬಾ ಗುಡ್ಡ.

ಗುಡ್ಡ ಹತ್ತುವ ಮಾತು ಬಂತೆಂದರೆ, 1975ರಲ್ಲಿ ಎವರೆಸ್ಟ್ ಏರಿದ ಮೊದಲ ಮಹಿಳೆ, ಜಪಾನಿನ ಜುಂಕೊ ತಾಬೆಯಿ, ಚಿಕ್ಕಂದಿನಲ್ಲಿ ಅಶಕ್ತ ಹುಡುಗಿ ಎನಿಸಿಕೊಂಡಿದ್ದವರು. ಕಾಗವಾಡದ ಕಾಕುಗಳಿಗೆ ಎವರೆಸ್ಟ್ ಬೇಕಾಗಿಲ್ಲ. ಮರಳುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರಾಯಿತು. ಕೆಳಗೆ ನಿಂತೇ ಕಿಟಕಿಯೊಳಗೆ ಕರ್ಚೀಫ್ ಎಸೆಯುವ ಆ ಗುರಿ ಮಾತ್ರ ಪಕ್ಕಾ ಕ್ರೀಡಾಪಟುವಿನದು.