ಕಂತುಮೀಮಾಂಸೆ: ವಸಂತಪುರದ ಒಂದು ಹಸ್ತಪ್ರತಿಯ ಪರಿಷ್ಕರಣ

1. ಪ್ರತಿಯ ವಿವರ

ಇಲ್ಲಿ ಪರಿಷ್ಕರಿಸಿರುವ ಹಸ್ತಪ್ರತಿ ಬೆಂಗಳೂರಿನ ವಸಂತಪುರದ ಎರಡು ಬೆಡ್‌ರೂಮಿನ ಫ್ಲ್ಯಾಟೊಂದರಲ್ಲಿ, ಫ್ರಿಜ್ಜಿನ ನೆತ್ತಿಯ ಮೇಲೆ, ಹಳೇ ಕರೆಂಟ್ ಬಿಲ್ಲುಗಳಿಗೂ ಒಣಗಿದ ನಿಂಬೆಹಣ್ಣಿಗೂ ನಡುವೆ ದೊರೆಯಿತು. 200 ಪುಟದ ಗೆರೆ ನೋಟ್‌ಬುಕ್ಕು. ರಟ್ಟಿನ ಮೇಲೆ ಮಗಳ ಹೆಸರು, ಕೆಳಗೆ ‘ಸಮಾಜ ವಿಜ್ಞಾನ’ ಎಂಬ ಲೇಬಲ್ಲು. ಒಳಗಿರುವುದು ಮನೆಖರ್ಚಿನ ಲೆಕ್ಕವಾದ್ದರಿಂದ ಲೇಬಲ್ಲು ತಪ್ಪೆನ್ನಲಾಗದು. ಮೊದಲ ಆರು ಹಾಳೆ ಮೊಘಲ್ ಸಾಮ್ರಾಜ್ಯದ ಪತನಕ್ಕೆ ಮೀಸಲು. ಏಳನೆಯದರಿಂದ ನಮ್ಮ ಸಂಸಾರ ಆರಂಭ. ಎರಡು ವಿಷಯಗಳ ನಡುವೆ ಯಾರೂ ಗೆರೆ ಎಳೆದಿಲ್ಲ.

ಪ್ರತಿಯ ಕಾಲ 2021ರ ಆಗಸ್ಟಿನಿಂದ 2025ರ ಜುಲೈವರೆಗೆ. 31ನೆಯ ಹಾಳೆಯ ಮೇಲೆ ಒಗ್ಗರಣೆಯ ಕಲೆಯಿದೆ. 44ನೆಯ ಹಾಳೆ ಲುಪ್ತ. ದಿನಸಿ ಚೀಟಿ ಬರೆಯಲು ಹರಿದದ್ದೆಂದು ಆಂತರಿಕ ಆಧಾರಗಳಿಂದ ತಿಳಿಯುತ್ತದೆ. ಲಿಪಿಕಾರರು ಇಬ್ಬರು. ‘ಹಸ್ತ ಅ’ ಎಂಬುದು ದುಂಡಕ್ಷರ, ನೀಲಿ ಮಸಿ. ತಿಂಗಳ ಮೊದಲ ವಾರ ವಿಪರೀತ ಉತ್ಸಾಹ, ಮೂರನೆಯ ವಾರ ದೀರ್ಘ ಮೌನ. ಇದು ಪ್ರಬಂಧಕಾರನದು. ‘ಹಸ್ತ ಆ’ ಎಂಬುದು ಸಣ್ಣಕ್ಷರ, ಕೆಂಪು ಮಸಿ. ಕೂಡಿದ್ದರಲ್ಲಿ ತಪ್ಪೇ ಇಲ್ಲ. ಇದು ಪ್ರಬಂಧಕಾರನ ಪತ್ನಿಯದು. ಅಂದರೆ ನೀಲಿ ಮೂಲ, ಕೆಂಪು ವ್ಯಾಖ್ಯಾನ. ಶಾಸ್ತ್ರಗ್ರಂಥಗಳಲ್ಲಿ ಆಗುವಂತೆ ಇಲ್ಲಿಯೂ ವ್ಯಾಖ್ಯಾನವಿಲ್ಲದೆ ಮೂಲ ತಿಳಿಯದು. ಉದಾಹರಣೆಗೆ, ಮೂಲದಲ್ಲಿ ‘ಇತರೆ: 340’ ಎಂದಿದೆ. ವ್ಯಾಖ್ಯಾನ: ‘ಬೋಂಡ?’

ಇಂಥ ಪ್ರತಿಯನ್ನು ಪರಿಷ್ಕರಿಸುವ ಧೈರ್ಯ ನಮಗೆ ಬಂದದ್ದು ಮೈಸೂರಿನಿಂದ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅದು ಅಚ್ಚಾಯಿತು. ಇಡೀ ರಾಜ್ಯದ ಬೊಕ್ಕಸದ ಲೆಕ್ಕವೇ ಅಷ್ಟು ಕಾಲ ಕಳೆದುಹೋಗಿತ್ತೆಂದ ಮೇಲೆ, ನಮ್ಮ ನೋಟ್‌ಬುಕ್ಕು ಎರಡು ವಾರ ಸಿಗದಿದ್ದುದನ್ನು ಮನೆಯಲ್ಲಿ ಅಷ್ಟು ದೊಡ್ಡದು ಮಾಡಬೇಕಿರಲಿಲ್ಲ.

2. ಶಬ್ದವಿಚಾರ

ಮೊದಲು ‘ಸಾಲ’. ಸಂಬಳ ‘ಸಾಲದು’ ಎಂಬಲ್ಲಿನ ‘ದು’ ಉದುರಿದರೆ ಸಾಲ. ಅದನ್ನು ತೀರಿಸಲು ಇನ್ನೊಂದು, ಇನ್ನೊಂದಕ್ಕೆ ಮತ್ತೊಂದು ನಿಂತರೆ ಸಾಲು. ಈ ವ್ಯುತ್ಪತ್ತಿಯನ್ನು ಭಾಷಾವಿಜ್ಞಾನಿಗಳು ಒಪ್ಪಲಿಕ್ಕಿಲ್ಲ. ಅವರಿಗೆ ಸಂಬಳ ಸಾಲುತ್ತಿರಬೇಕು.

ಎರಡನೆಯದು ‘ಅಸಲು’. ಅರಬ್ಬಿಯಿಂದ ಬಂದ ಈ ಮಾತಿಗೆ ಮೂಲಧನ ಎಂದೂ ಅರ್ಥ, ನಿಜ ಎಂದೂ ಅರ್ಥ. ನಮ್ಮ ಗೃಹಸಾಲ 30 ಲಕ್ಷ, ಬಡ್ಡಿ ಶೇ. 6.5, ಅವಧಿ 20 ವರ್ಷ, ತಿಂಗಳ ಕಂತು 22,367. ಮೊದಲ ಕಂತಿನಲ್ಲಿ ಬಡ್ಡಿಗೆ ಹೋದದ್ದು 16,250. ಅಸಲಿಗೆ ಹೋದದ್ದು, ಅಸಲಿಗೆ, 6,117.

ಮೂರನೆಯದೇ ನಮ್ಮ ಪಾರಿಭಾಷಿಕ ಪದ, ‘ಕಂತು’. ಇದಕ್ಕೆ ಮೂರು ಅರ್ಥ: ಭಾಗಭಾಗವಾಗಿ ಕಟ್ಟುವ ಹಣ, ಮನ್ಮಥ, ಮತ್ತು ‘ಹೊತ್ತು ಕಂತಿತು’ ಎಂಬಲ್ಲಿನ ಮುಳುಗು. ಮೂರೂ ಬೇರೆಬೇರೆ ಪದಗಳೆಂದು ನಂಬಿರುವವರು ಗೃಹಸಾಲ ಮಾಡಿಲ್ಲ. ಮನ್ಮಥ ಅನಂಗ, ಕಂತಿಗೂ ಮೈಯಿಲ್ಲ. ನೋಟಿನ ರೂಪದಲ್ಲಿ ಅದು ಕೈಗೆ ಸಿಕ್ಕುವುದೇ ಇಲ್ಲ, ತಿಂಗಳ ಐದನೇ ತಾರೀಖು ಖಾತೆಯಿಂದ ತಾನೇ ಹೊರಟುಹೋಗಿ ಆಮೇಲೆ ಮೊಬೈಲಿನಲ್ಲಿ ಮಿಡಿಯುತ್ತದೆ. ಅವನ ಬಾಣ ಐದು, ಇದರ ತಾರೀಖು ಐದು. ಮೊದಲು ಮೋಹ, ಅಂದರೆ ಪರದೆ ಹಾಕಿ ಸಿಂಗರಿಸಿದ ಸ್ಯಾಂಪಲ್ ಫ್ಲ್ಯಾಟು. ನಂತರ ಕಂತು. ಕೊನೆಗೆ ಮುಳುಗು. ಮನ್ಮಥನ ಸಖ ವಸಂತ. ನಾವು ಸಾಲ ಮಾಡಿ ಮನೆ ಕೊಂಡದ್ದು ವಸಂತಪುರದಲ್ಲಿ. ಇದನ್ನು ಕಾಕತಾಳೀಯವೆನ್ನುವವರೊಡನೆ ವಾದವಿಲ್ಲ.

3. ಸ್ಥಳಮಾಹಾತ್ಮ್ಯ

ವಸಂತಪುರದ ಗುಡ್ಡದ ಮೇಲೆ ವಸಂತ ವಲ್ಲಭರಾಯ ಸ್ವಾಮಿಯ ಹಳೆಯ ದೇವಸ್ಥಾನವಿದೆ. ಮಾಂಡವ್ಯ ಋಷಿಗಳ ಹೆಸರಿನೊಡನೆ ಬೆಸೆದ ಸ್ಥಳಪುರಾಣವಿದೆ. 2022ರ ಜೂನ್ 14ರಂದು ಇಲ್ಲಿಯ ವೈಕುಂಠ ಬೆಟ್ಟದಲ್ಲಿ ತಿರುಮಲದ ಮಾದರಿಯ ರಾಜಾಧಿರಾಜ ಗೋವಿಂದನ ದೇಗುಲವನ್ನು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಹೀಗೆ ಒಂದೇ ಬಡಾವಣೆಯಲ್ಲಿ ತಿರುಮಲದ ಸ್ವಾಮಿಗೆ ಎರಡು ವಿಳಾಸ. ಆತನಿಗೆ ‘ಕಂತುಪಿತ’ ಎಂದೊಂದು ಹೆಸರುಂಟು. ಮನ್ಮಥನ ತಂದೆಯಾದ್ದರಿಂದ ಎಂದು ಪಂಡಿತರ ವಿವರಣೆ. ನಮ್ಮ ವಿವರಣೆ ಬೇರೆ.

ಪದ್ಮಾವತಿಯನ್ನು ಮದುವೆಯಾಗಲು ಶ್ರೀನಿವಾಸ ಕುಬೇರನಿಂದ ಸಾಲ ತೆಗೆದ ಕಥೆ ಎಲ್ಲರಿಗೂ ಗೊತ್ತು. ಪತ್ರಕ್ಕೆ ಬ್ರಹ್ಮ, ಶಿವರ ಸಾಕ್ಷಿ. ಹುಂಡಿಯಿಂದ ಹೋಗುತ್ತಿರುವುದು ಬಡ್ಡಿ ಮಾತ್ರ. ಅಸಲಿಗೆ ಕಲಿಯುಗದ ಅಂತ್ಯದವರೆಗೆ ಗಡುವು. ಅದಕ್ಕೇ ತೆಲುಗರು ಪ್ರೀತಿಯಿಂದ ಆತನನ್ನು ‘ವಡ್ಡಿಕಾಸುಲವಾಡು’ ಎನ್ನುತ್ತಾರೆ. ಕಲಿಯುಗ 4,32,000 ವರ್ಷ. ಇಷ್ಟು ದೀರ್ಘಾವಧಿಯ ಸಾಲ ಬೇರೆಲ್ಲೂ ದಾಖಲಾಗಿಲ್ಲ. ಇದೇ ಷರತ್ತು ನಮಗೂ ಸಿಗಬಹುದೇ ಎಂದು ಹಸ್ತ ಅ ಬ್ಯಾಂಕಿನಲ್ಲಿ ವಿಚಾರಿಸಿದ್ದುಂಟು. ‘ಸಾಕ್ಷಿಗಳನ್ನು ಕರಕೊಂಡು ಬನ್ನಿ, ಆಧಾರ್ ಕಾರ್ಡ್ ತರಲಿ’ ಎಂದರು.

4. ಪೂರ್ವಸೂರಿಗಳು

ಕೌಟಿಲ್ಯನ ಪ್ರಕಾರ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮಸಮ್ಮತವಾದ ಬಡ್ಡಿ. ವ್ಯಾಪಾರಿಗೆ 5, ಕಾಡು ದಾಟುವವನಿಗೆ 10, ಸಮುದ್ರಯಾನಿಗೆ 20. ಅಪಾಯ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು. ಇಂದಿನ ಗೃಹಸಾಲ ಧರ್ಮಸಮ್ಮತ ದರಕ್ಕಿಂತ ಕೆಳಗಿದೆ, ತಿಂಗಳಿಗೆ ಶೇ. 3.5 ಎಳೆಯುವ ಕ್ರೆಡಿಟ್ ಕಾರ್ಡು ಧರ್ಮ ದಾಟಿ ವ್ಯಾಪಾರದ ದಾರಿಯಲ್ಲಿದೆ. ಮಳೆಗಾಲದ ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಮನೆ ಸೇರುವವನನ್ನು ಕೌಟಿಲ್ಯ ಯಾವ ವರ್ಗಕ್ಕೆ ಸೇರಿಸುತ್ತಿದ್ದ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. 20 ಪಣ.

ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದ ಮಿಶ್ರಕ ವ್ಯವಹಾರದಲ್ಲಿ ಅಸಲು, ಬಡ್ಡಿ ಬೆರೆತ ಮೊತ್ತದಿಂದ ಎರಡನ್ನೂ ಬೇರ್ಪಡಿಸುವ ಬಗೆ ಹೇಳಿದ. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಇಷ್ಟು ದೊಡ್ಡ ಪರಂಪರೆಯಿದ್ದೂ ಹಸ್ತ ಅ ಸಾಲಪತ್ರಕ್ಕೆ ಸಹಿ ಹಾಕುವಾಗ ನೋಡಿದ್ದು ಪೆನ್ನಿನ ಗುರುತಿದ್ದ ಜಾಗಗಳನ್ನು ಮಾತ್ರ.

5. ಕಾಲವಿಚಾರ

2022ರ ಮೇ ತಿಂಗಳಿಗೆ ಮೊದಲು ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4 ಇತ್ತು. 2023ರ ಫೆಬ್ರವರಿಗೆ ಅದು 6.5 ಆಯಿತು. ಅದಕ್ಕೆ ಜೋಡಿಸಿದ ಸಾಲಗಳೂ ಎರಡೂವರೆ ಮೆಟ್ಟಿಲು ಹತ್ತಿದವು. ನಮಗೆ ಬಂದ ಸಂದೇಶ: ‘ನಿಮ್ಮ ಕಂತಿನಲ್ಲಿ ಬದಲಾವಣೆ ಇಲ್ಲ.’ ಆ ದಿನದ ಹಸ್ತ ಅ: ‘ಇತರೆ (ಸಂತೋಷಕ್ಕೆ): 280’.

ಹಸ್ತ ಆ ಅದೇ ರಾತ್ರಿ ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದಳು. 24 ಕಂತು ಕಟ್ಟಿದ ಮೇಲೆ, ಅಷ್ಟೂ ಕಾಲ ಹಳೆಯ ದರವನ್ನೇ ಹಿಡಿದರೂ, ಅಸಲು ಸುಮಾರು 28 ಲಕ್ಷ 44 ಸಾವಿರ. ಶೇ. 9ರಂತೆ ತಿಂಗಳ ಬಡ್ಡಿಯೇ 21,328. 22,367ರ ಕಂತಿನಲ್ಲಿ ಅಸಲಿಗೆ ಮುಟ್ಟುವುದು ಸಾವಿರ ಚಿಲ್ಲರೆ. ಹೀಗೇ ಬಿಟ್ಟರೆ ಉಳಿದಿದ್ದ 18 ವರ್ಷ 34 ವರ್ಷವಾಗುತ್ತದೆ. ಕಂತು ಬೆಳೆದಿರಲಿಲ್ಲ, ಕಾಲ ಬೆಳೆದಿತ್ತು. ಅಂಚಿನಲ್ಲಿ ಕೆಂಪಕ್ಷರ: ‘ಆಗ ನಿಮಗೆ 79. ಕಟ್ಟೋದು ಯಾರು?’

2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಈ ವಿಷಯ ಎತ್ತಿಕೊಂಡಿತು. ದರ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡನ್ನೂ ಅಷ್ಟಷ್ಟು ಮಾಡಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಿತು. ನಮ್ಮ ಮನೆಯಲ್ಲಿ ಆಯ್ಕೆಯ ಅಧಿಕಾರ ಕೆಂಪು ಮಸಿಯದು, ಕಂತು ಏರಿತು. 2025ರಲ್ಲಿ ದರ ಇಳಿಯತೊಡಗಿದಾಗ ಕಂತು ಇಳಿಸಿಕೊಳ್ಳೋಣವೆಂದು ಮೂಲಕಾರ ಸೂಚಿಸಿದ. ವ್ಯಾಖ್ಯಾನಕಾರ್ತಿ ಒಪ್ಪಲಿಲ್ಲ. ಏರಿದ ಕಂತನ್ನು ಹಾಗೇ ಬಿಟ್ಟರೆ ಹಿಗ್ಗಿದ ಕಾಲ ತಾನೇ ಕುಗ್ಗುತ್ತದೆ ಎಂಬುದು ಅವಳ ಸಿದ್ಧಾಂತ. ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟಬೇಕೆಂಬುದು ಅದರ ಉಪಸಿದ್ಧಾಂತ. ಬೋನಸ್ಸು ಅಂದಿನಿಂದ ಮನೆಯೊಳಗೆ ಕಾಲಿಟ್ಟಿಲ್ಲ.

6. ಪಂಥಭೇದ

ಸಾಲ ತೀರಿಸುವ ಕ್ರಮದಲ್ಲಿ ಎರಡು ಪಂಥಗಳಿವೆ. ಕಿರುಸಾಲ ಪಂಥದವರು ಚಿಕ್ಕದನ್ನು ಮೊದಲು ಮುಗಿಸಿ ಆ ಹುರುಪಿನಲ್ಲಿ ಮುಂದಿನದಕ್ಕೆ ಕೈಹಾಕುತ್ತಾರೆ. ಹಿರಿಬಡ್ಡಿ ಪಂಥದವರು ಬಡ್ಡಿ ಜಾಸ್ತಿಯಿರುವುದನ್ನು ಮೊದಲು ಹಿಡಿಯುತ್ತಾರೆ. ಹಸ್ತ ಅ ಮೊದಲನೆಯ ಪಂಥ. ಬಡ್ಡಿಯಿಲ್ಲದ ಮಿಕ್ಸಿಯ ಕಂತು 3,000 ಉಳಿದಿತ್ತು. ಅದನ್ನು ಒಂದೇ ಸಲ ಕಟ್ಟಿ ಎದೆ ಉಬ್ಬಿಸಿಕೊಂಡ. ಅತ್ತ ಕಾರ್ಡಿನಲ್ಲಿ 40,000 ಬಾಕಿ. ಶೇ. 3.5ರಂತೆ ತಿಂಗಳ ಬಡ್ಡಿ 1,400, ಅದರ ಮೇಲೆ ಜಿಎಸ್‌ಟಿ 252. ತಿಂಗಳಿಗೆ 2,000 ಕಟ್ಟಿದರೆ ಅಸಲಿಗೆ ಸೇರುವುದು 348. ಹಸ್ತ ಆ ಈ ಲೆಕ್ಕದ ಕೆಳಗೆ ಏನೂ ಬರೆದಿಲ್ಲ. ಆದರೆ ಕಾರ್ಡು ಅಂದಿನಿಂದ ಅಕ್ಕಿ ಡಬ್ಬದೊಳಗೆ ಯೋಗನಿದ್ರೆಯಲ್ಲಿದೆ.

ತೀರಿಸಲು ಮೊದಲು ಉಳಿಸಬೇಕಷ್ಟೆ. ಪ್ರತಿಯ ಮಿತವ್ಯಯ ಪ್ರಕರಣದ ಮುಖ್ಯ ಪಾಠಗಳಿವು. ಹಾಲು: 2024ರ ಜೂನಿನಲ್ಲಿ ನಂದಿನಿ ಪ್ಯಾಕೆಟ್ಟಿಗೆ 2 ರೂಪಾಯಿ ಏರಿ 50 ಮಿಲಿಲೀಟರ್ ಹೆಚ್ಚಿಗೆ ಬಂತು. 2025ರ ಏಪ್ರಿಲ್ 1ರಂದು ಲೀಟರಿಗೆ 4 ರೂಪಾಯಿ ಏರಿ ಆ 50 ಮಿಲಿ ಬಂದ ದಾರಿ ಹಿಡಿಯಿತು. ಒಂಬತ್ತು ತಿಂಗಳ ಈ ಅತಿಥಿಯ ನೆನಪಿಗೆ ಸಂಜೆಯ ಕಾಫಿ ಇಂದಿಗೂ ಸ್ವಲ್ಪ ತೆಳುವಾಗಿದೆ. ಕರೆಂಟು: ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾದ್ದರಿಂದ ಗೀಸರಿನ ಸ್ವಿಚ್ಚಿಗೆ ಮಡಿ ಬಂದಿದೆ. ಸಂಚಾರ: 2025ರ ಫೆಬ್ರವರಿ 9ರಂದು ಮೆಟ್ರೊದ ಗರಿಷ್ಠ ದರ 60ರಿಂದ 90ಕ್ಕೆ ಏರಿದ ಮೇಲೆ ದೊಡ್ಡಕಲ್ಲಸಂದ್ರ ನಿಲ್ದಾಣದ ಮೆಟ್ಟಿಲನ್ನು ಹಸ್ತ ಅ ಭಕ್ತಿಯಿಂದ ಹತ್ತುತ್ತಾನೆ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ 2023ರ ಜೂನ್ 11ರಿಂದ ಬಸ್ಸು ಉಚಿತವಾದ್ದರಿಂದ, ಜಯನಗರಕ್ಕೆ ‘ಹೋಗು’, ಸಾಮಾನು ‘ತರು’ ಮೊದಲಾದ ಕ್ರಿಯಾಪದಗಳೆಲ್ಲ ನಮ್ಮ ಮನೆಯಲ್ಲಿ ಸ್ತ್ರೀಲಿಂಗಕ್ಕೆ ತಿರುಗಿದವು. ವ್ಯಾಖ್ಯಾನ: ‘ಸ್ಟಾಪಿನಿಂದ ಚೀಲ ಹೊರುವುದು ಪುಲ್ಲಿಂಗ.’

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನೂ ಪರಿಶೀಲಿಸಲಾಯಿತು. ಹಾಸಿಗೆಯೂ ಕಂತಿನದೇ ಆಗಿದ್ದುದರಿಂದ ಪ್ರಯೋಗ ಕೈಬಿಡಲಾಯಿತು.

7. ಒಂದು ಅಪಪಾಠ

ಇನ್ನು ಈ ಪ್ರತಿಯ ಅತಿ ಕ್ಲಿಷ್ಟ ಪಾಠ. ಪ್ರತಿ ತಿಂಗಳು ಏಳನೇ ತಾರೀಖು, ಕೆಂಪು ಮಸಿಯಲ್ಲಿ, ‘ಉಪ್ಪು: 500’ ಎಂದಿದೆ. ಒಂದಲ್ಲ, 48 ಸಲ. ಮೂರು ಜನರ ಮನೆಯಲ್ಲಿ ತಿಂಗಳಿಗೆ 500 ರೂಪಾಯಿಯ ಉಪ್ಪು! ಒಂದು ಸೊನ್ನೆ ಲಿಪಿಕಾರದೋಷವೆನ್ನೋಣವೆಂದರೆ, ಪುಟದ ಮೊತ್ತ 500 ಹಿಡಿದೇ ತಾಳೆಯಾಗುತ್ತದೆ. ಮೂಲಪಾಠ ‘ತುಪ್ಪ’ ಇದ್ದಿರಬೇಕೆಂದು ಊಹಿಸೋಣವೆಂದರೆ, ನಾಲ್ಕು ವರ್ಷದ ದೋಸೆಗಳು ಅದಕ್ಕೆ ವಿರುದ್ಧ ಸಾಕ್ಷ್ಯ ನುಡಿಯುತ್ತವೆ. ಸಾಲದ್ದಕ್ಕೆ ರಕ್ತದೊತ್ತಡದ ಕಾರಣ ಪ್ರಬಂಧಕಾರನಿಗೆ ಉಪ್ಪು ಕಡಿಮೆ ಮಾಡಲು ಡಾಕ್ಟರು ಹೇಳಿ ಮೂರು ವರ್ಷವಾಯಿತು.

2025ರ ಜುಲೈನ ಹಾಳೆಯಲ್ಲಿ ‘ಉಪ್ಪು: 500. ಮುಗಿಯಿತು’ ಎಂದಿದೆ. ಪ್ರತಿಯೂ ಅಲ್ಲಿಗೇ ಮುಗಿಯುತ್ತದೆ. ಆಗಸ್ಟಿನಿಂದ ಶುರುವಾದ ಹೊಸ ನೋಟ್‌ಬುಕ್ಕಿನಲ್ಲಿ, ಅದೇ ಕೈ, ಅದೇ ಮಸಿ: ‘ಉಪ್ಪು: 30’.

ವ್ಯಾಖ್ಯಾನಕಾರರು ಬದುಕಿರುವಾಗ ಊಹೆ ಸಲ್ಲದು. ಸೊಪ್ಪು ಬಿಡಿಸುತ್ತಿದ್ದ ‘ಹಸ್ತ ಆ’ಳ ಬಳಿಗೆ ಎರಡೂ ಪ್ರತಿ ಹಿಡಿದು ಹೋದೆ.

‘ಅಕ್ಕನದು ರೀ ಅದು. ರಿಜಿಸ್ಟ್ರೇಷನ್ ದಿನ ಇಪ್ಪತ್ನಾಲ್ಕು ಸಾವಿರ ಕಮ್ಮಿ ಬಿತ್ತಲ್ಲ. ನೀವು ಹೊರಗೆ ಛತ್ರಿ ಹಿಡ್ಕೊಂಡು ಫೋನ್ ಮಾಡ್ತಾ ನಿಂತಿದ್ರಿ.’

‘ಅದು ಎಲ್ಲಿಂದಲೋ ಹೊಂದಿಕೊಂಡಿತು ಅಂದಿದ್ದೆ ನೀನು.’

‘ಹೊಂದಿಕೊಳ್ತಲ್ಲ.’

‘ನನಗೆ ಹೇಳಬಹುದಿತ್ತು.’

‘ಹೇಳಿದ್ರೆ ಕಾರ್ಡಿಂದ ತೆಗೆದು ತೀರಿಸ್ತಿದ್ರಿ.’

ಇದಕ್ಕೆ ಪೂರ್ವಪಕ್ಷದ ಬಳಿ ಉತ್ತರವಿರಲಿಲ್ಲ. ಆದರೂ ಸಂಪಾದಕನ ಕರ್ತವ್ಯ ಬಿಡಲಾಗದೆ ಕೇಳಿದೆ: ‘ಉಪ್ಪು ಅಂತ ಯಾಕೆ ಬರೆದೆ?’

‘ಮತ್ತೇನಂತ ಬರೀಲಿ? ಮದುವೆಗೆ ಮುಂಚೆ ಐದು ವರ್ಷ ನಾನು ಅವರ ಮನೇಲೇ ತಾನೇ ಉಂಡಿದ್ದು?’ ಎಂದು ಅವಳು ಬೇರಿನ ಮಣ್ಣು ಕೊಡವಿದಳು.

ಕೌಟಿಲ್ಯನ ದರಪಟ್ಟಿಯಲ್ಲಿ ಈ ಸಾಲಕ್ಕೆ ಜಾಗವಿಲ್ಲ. ಮಿಶ್ರಕ ವ್ಯವಹಾರದಿಂದಲೂ ಇದರಲ್ಲಿ ಬಡ್ಡಿ ಬೇರ್ಪಡಿಸಲಾಗದು. ಬ್ಯಾಂಕಿನ ಸಾಲವನ್ನು ಎಷ್ಟು ಬೇಗ ಮುಗಿಸಿದರೆ ಅಷ್ಟು ಒಳ್ಳೆಯದು. ಇದನ್ನು 500, 500 ಎಂದು ನಾಲ್ಕು ವರ್ಷ ಎಳೆದು ತೀರಿಸಿದ್ದಕ್ಕೆ ಜೆ.ಪಿ. ನಗರದ ಅಕ್ಕ ಒಮ್ಮೆಯೂ ಫೋನ್ ಮಾಡಲಿಲ್ಲ. ಮಾಡಿದ್ದಳು, ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದೇನೆ, ಬಂದು ತೆಗೆದುಕೊಂಡು ಹೋಗಿ ಎಂದು.

ಪರಿಷ್ಕೃತ ಪಾಠದಲ್ಲಿ ‘ಉಪ್ಪು: 500’ ಎಂಬುದನ್ನೇ ಉಳಿಸಿಕೊಳ್ಳಲಾಗಿದೆ. ಅಪಪಾಠವಿದ್ದುದು ನೀಲಿ ಮಸಿಯಲ್ಲಿ, ‘ಇತರೆ’ ಎಂದು ಬರೆದ ಕಡೆಗಳಲ್ಲೆಲ್ಲ. ಹೊಸ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ, 30 ರೂಪಾಯಿಯ ಉಪ್ಪಿನ ಕೆಳಗೆ, ಹಸ್ತ ಅ ಆ ಸಂಜೆ ಬರೆದದ್ದು: ‘ಬೋಂಡ: 40’. ಅದರ ಪಕ್ಕ ಕೆಂಪು ಮಸಿಯಲ್ಲಿ ಒಂದು ಸರಿ ಗುರುತು ಬಿದ್ದಿದೆ. ಕೆಳಗೆ ಸಣ್ಣಕ್ಷರದಲ್ಲಿ, ‘ನನಗೆ?’