ಸಾರಿನ ಹದದ ನೀರು

ಬೆಂಗಳೂರಿಗರಿಗೆ ನೀರಿನಲ್ಲಿ ಎರಡೇ ಜಾತಿ: ಕಾವೇರಿ ನೀರು, ಉಪ್ಪು ನೀರು. ಬೋರ್‌ವೆಲ್ಲಿನದೆಲ್ಲ ಉಪ್ಪು ನೀರು. ಹಾಗಾಗಿ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಎರಡು ಪಫರ್ ಮೀನು ಕೊಂಡಾಗ, ಅಂಗಡಿಯ ಹುಡುಗ "ಇವಕ್ಕೆ ಉಪ್ಪು ನೀರು ಬೇಕು ಸಾರ್" ಎಂದದ್ದೇ ತಡ, ಹಿಗ್ಗಿಹೋದೆ. ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದಕ್ಕೇನು ಬರ! ಗೀಸರು ತಿಂದ, ನನ್ನ ಕೂದಲೂ ತಿಂದ ನೀರು ಕೊನೆಗೂ ಒಂದು ಜೀವಕ್ಕೆ ಒದಗಿತಲ್ಲ!

ಒದಗಲಿಲ್ಲ. ನಮ್ಮದು ಸುಣ್ಣದ ಗಡಸು ನೀರು. ಮೀನಿಗೆ ಬೇಕಾದದ್ದು ನದಿ ಕಡಲು ಸೇರುವ ಅಳಿವೆಯ ಸವಳು. ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಇವಕ್ಕೆ ಹತ್ತು ಸಾಕು. ನನ್ನದು 100 ಲೀಟರ್ ತೊಟ್ಟಿ. ಒಂದು ಕಿಲೋ ಮೆರೈನ್ ಸಾಲ್ಟ್ ತೂಗಿ ಸುರಿದಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಹೊಳೆದದ್ದೇ ಬೇರೆ: ಸಾರಿಗೂ ಹೆಚ್ಚುಕಮ್ಮಿ ಅಷ್ಟೇ ಉಪ್ಪಲ್ಲವೇ?

ರಾತ್ರಿ ಹತ್ತಕ್ಕೆ ಸೌಟು ಹಿಡಿದು ತೊಟ್ಟಿಯ ಮುಂದೆ ನಿಂತೆ. ಒಂದು ಹಿಡಿ ಉಪ್ಪು, ಕದಡು, ಅಂಗೈಗೆ ಎರಡು ತೊಟ್ಟು, ಚಪ್ಪರಿಸು. ಚಪ್ಪೆ. ಇನ್ನೊಂದು ಹಿಡಿ. ಮೀನುಗಳು ಬಕೆಟ್ಟಿನಿಂದಲೇ, ಅಡುಗೆಯವನ ಕೈಗುಣದ ಬಗ್ಗೆ ಅನುಮಾನವಿರುವ ಬೀಗರ ಹಾಗೆ, ಒಂದೊಂದು ಕಣ್ಣನ್ನು ಒಂದೊಂದು ದಿಕ್ಕಿಗೆ ತಿರುಗಿಸಿ ನೋಡುತ್ತಿದ್ದವು. ಆರನೇ ಹಿಡಿಗೆ ನಾಲಿಗೆ ಮರಗಟ್ಟಿತು. ಹೆಂಡತಿಯನ್ನು ಕರೆದೆ. ಅವಳು ಕಣ್ಣು ಮುಚ್ಚಿ, ಒಮ್ಮೆ ಚಪ್ಪರಿಸಿ, "ಉಪ್ಪು ಸರಿಯಾಗಿದೆ. ಹುಳಿ ಬಿಟ್ಟಿಲ್ಲವಲ್ರೀ?" ಎಂದಳು. ಒಳಗಿನಿಂದ ಅಮ್ಮ, "ಇಂಗು ಹಾಕಿದ್ಯೇನೋ?" ಎರಡು ದಿನ ಬಿಟ್ಟು, ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಂತು. 1.007! ಅಳಿವೆಯ ಹದ, ಕೂದಲೆಳೆಯೂ ಆಚೀಚೆ ಇಲ್ಲ.

ಬೀಗಿದ್ದು ಒಂದೇ ದಿನ. ಮರುದಿನ ನೀರು ಅಕ್ಕಚ್ಚಿನಂತೆ ಬೆಳ್ಳಗಾಯಿತು. ಅರ್ಧ ನೀರು ಚೆಲ್ಲಿ ಹೊಸದು ತುಂಬಿದೆ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದೆ. ಇನ್ನೂ ಬೆಳ್ಳಗಾಯಿತು. ಅಮ್ಮ, "ಚಿಲ್ಲದ ಬೀಜ ತೇಯ್ದು ಹಾಕು, ನೀರು ತಿಳಿಯಾಗುತ್ತೆ. ನಮ್ಮಜ್ಜಿ ಗುಡಾಣಕ್ಕೆ ಹಾಕ್ತಿದ್ರು" ಎಂದರು. ಎರಡನೇ ಮಹಡಿಯ ಅಂಕಲ್, ಜನ್ಮದಲ್ಲಿ ಮೀನು ಸಾಕದವರು, ದಿನಕ್ಕೊಂದು ಉಪದೇಶ ಕೊಟ್ಟರು. ನಾನು ದಿನವೂ ಐವತ್ತು ಲೀಟರ್ ಚೆಲ್ಲಿದೆ.

ಅದು 2024ರ ಮಾರ್ಚ್. ಕುಡಿಯುವ ನೀರಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಎಂದು ಸಾರಿದ್ದ ತಿಂಗಳು. ನಮ್ಮ ಬೋರೂ ಆ ವಾರವೇ ಕೈಕೊಟ್ಟಿತ್ತು. ಒಂದು ಬೆಳಿಗ್ಗೆ ವಾಚ್‌ಮನ್ನರ ಹೆಂಡತಿ ಎರಡು ಖಾಲಿ ಕೊಡ ಇಟ್ಟುಕೊಂಡು ಟ್ಯಾಂಕರಿಗೆ ಕಾಯುತ್ತಿದ್ದರು. "ನಿಮ್ಮನೇಲಿ ನೀರು ಬಂತಾ ಸಾರ್?" ಎಂದು ಕೇಳಿದರು. ಆಗತಾನೇ ಐವತ್ತು ಲೀಟರ್ ಮೋರಿಗೆ ಬಿಟ್ಟು ಬಂದವನ ಬಾಯಿಂದ ಮಾತು ಹೊರಡಲಿಲ್ಲ.

ಅವತ್ತೇ ಅಂಗಡಿಯ ಹುಡುಗನ ಕಾಲಿಗೆ ಬಿದ್ದೆ. ಹೊಸ ತೊಟ್ಟಿಯಲ್ಲಿ ಮೀನು ತಿನ್ನದೆ ಬಿಟ್ಟ ಸಿಗಡಿ ಚೂರು ಕೊಳೆತು ಬ್ಯಾಕ್ಟೀರಿಯಾ ಹೆಚ್ಚಿದ್ದಕ್ಕೇ ಆ ಬಿಳುಪಂತೆ. ಕೊಳೆಯ ಅಮೋನಿಯಾ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನೋ ಅದನ್ನು ದಿನವೂ ನಲ್ಲಿಯ ಕೆಳಗೆ ಹಿಂಡಿ ತೊಳೆದು ಮೋರಿಗೆ ಕಳಿಸುತ್ತಿದ್ದೆ. "ಊಟ ಕಮ್ಮಿ ಮಾಡಿ ಸಾರ್. ಕೈ ಹಾಕ್ಬೇಡಿ."

ಕೈ ಹಾಕದಿರುವುದು ನನ್ನ ಜಾಯಮಾನವಲ್ಲ. ಪುಣ್ಯಕ್ಕೆ ಮೈಸೂರಿನಲ್ಲೊಂದು ಮದುವೆಯಿತ್ತು, ಮನೆಮಂದಿಯೆಲ್ಲ ಹೋದೆವು. ಐದು ದಿನ ಬಿಟ್ಟು ಬಾಗಿಲು ತೆಗೆದರೆ ನೀರು ತಿಳಿಸಾರಿನಂತೆ ತಿಳಿ. ತೊಟ್ಟಿಗೆ ಬೇಕಿದ್ದ ಔಷಧ ಒಂದೇ: ನಾನು ಮನೆಯಲ್ಲಿ ಇಲ್ಲದಿರುವುದು.