ಐದು ಮನೆ ಶ್ರುತಿ

ರಾತ್ರಿ ಹತ್ತರ ಮೇಲೆ ಯಾರ ನಿದ್ದೆಯನ್ನೂ ಕೆಡಿಸದೆ ಸಂಗೀತ ಕೇಳೋಣವೆಂದು ಕಡೂರಿನ ಮನೆಯಲ್ಲಿ ಕೂತು ನಾನೇ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಿದೆ. ತಿಂಡಿ ಡಬ್ಬಿಯಷ್ಟು ಪೆಟ್ಟಿಗೆ. ಸ್ವಿಚ್ ಹಾಕಿದರೆ ಹಾಡಿಗಿಂತ ಮೊದಲು 'ಗುಂಯ್' ಅಂತು. ಸ್ಪೀಕರ್ ಆಗಿದ್ದರೆ ಫ್ಯಾನಿನ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಕಿವಿಗೇ ಅಂಟಿಕೊಂಡ ಹೆಡ್‌ಫೋನಿನಲ್ಲಿ ಸೊಳ್ಳೆಯೂ ಆನೆಯೇ.

ಅಮ್ಮನ ಕಿವಿಗಿಟ್ಟೆ. "ಹಾಡೆಲ್ಲೋ? ಬರೀ ಶ್ರುತಿ ಪೆಟ್ಟಿಗೆ ಬಾರಿಸ್ತಿದೆ. ಐದು ಮನೆ, ಚೂರು ಏರಿದೆ" ಅಂದಳು.

ಲೆಕ್ಕ ಹಾಕಿದರೆ ಸರಿಯೇ! ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ತೂಗುತ್ತದೆ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಮಗುಚಿದಾಗ ಉಬ್ಬುಗಳು 100. ಹಾರ್ಮೋನಿಯಂನ ಐದನೇ ಬಿಳಿ ಮನೆಯ ಕೆಳಗಿನ ಸ್ಥಾಯಿ 98.

ತರೀಕೆರೆಯಲ್ಲಿ ರೇಡಿಯೊ ರಿಪೇರಿಯ ಹಿರಿಯರೊಬ್ಬರಿದ್ದಾರೆ. ಭದ್ರಾವತಿ ಆಕಾಶವಾಣಿಯ 675ರ ಮೇಲೆ ಮುಳ್ಳು ನಿಲ್ಲಿಸುತ್ತಲೇ ತಲೆ ನೆರೆತವರು. ಪೆಟ್ಟಿಗೆ ಬಿಚ್ಚಿ ನಕ್ಕರು. "ಕೆಪಾಸಿಟರ್ ಅಂದ್ರೆ ಕೆರೆ ಇದ್ದಂಗೆ ಸಾರ್. ನೀವು ಕಟ್ಟಿರೋದು ಹೊಂಡ." 1000 ಮೈಕ್ರೋಫ್ಯಾರಡ್‌ನದು ಕಿತ್ತು 4700ರದು ಕೂರಿಸಿದರು. ಟ್ರಾನ್ಸ್‌ಫಾರ್ಮರನ್ನು ವಾಲ್ಯೂಮ್ ತಂತಿಯಿಂದ ದೂರ ಸರಿಸಿದರು. ನಾನು ಸಿಕ್ಕಸಿಕ್ಕಲ್ಲಿ ಬೆಸೆದಿದ್ದ ಗ್ರೌಂಡ್ ತಂತಿಗಳನ್ನೆಲ್ಲ ಒಂದೇ ಕಡೆ ತಂದರು. "ಎಲ್ಲ ಲೈನೂ ಬೀರೂರು ಜಂಕ್ಷನ್ನಿಗೇ ಬರಬೇಕು."

ಮನೆಗೆ ಬಂದೆ. ಗುಂಯ್ ಹೋಗಿತ್ತು, ಅದರ ಜಾಗದಲ್ಲಿ 'ಗುಮ್' ಕೂತಿತ್ತು. "ಸ್ಥಾಯಿ ಇಳಿಸಿದ್ದಾರೆ" ಅಂದಳು ಅಮ್ಮ. ಫೋನ್ ಮಾಡಿದೆ. "ಇಳೀತಾ? ಹಂಗಾದ್ರೆ ಇದು 50. ನನ್ನ ಕೆಲಸ ಮುಗೀತು, ಮನೆ ಅರ್ತ್ ನೋಡ್ಕಳಿ."

ಅರ್ತ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಇದ್ದಿಲು, ಉಪ್ಪು ತುಂಬಿ ದಿನಕ್ಕೆರಡು ಕೊಡ ನೀರು ಹೊಯ್ದೆ. ಎಂಟು ದಿನ ನೋಡಿದ ಪಕ್ಕದ ಮನೆಯವರು, "ಯಾವ ಸಸಿ ಸಾರ್, ಇನ್ನೂ ಮೊಳಕೆ ಬಂದಿಲ್ಲ?" ಅಂದರು. ಗುಮ್ ಮಾತ್ರ ಅಲ್ಲಾಡಲಿಲ್ಲ.

ಅಜ್ಜಂಪುರದ ಅಕ್ಕನ ಮನೆಗೆ ಹೋಗುವಾಗ ಪೆಟ್ಟಿಗೆಯನ್ನೂ ಅದಕ್ಕೆ ಹಾಡು ಕೊಡುವ ಕಂಪ್ಯೂಟರನ್ನೂ ಹೊತ್ತೊಯ್ದೆ. ಅಲ್ಲಿ, ಈರುಳ್ಳಿ ಮೂಟೆಗಳ ನಡುವೆ, ಅದು ಋಷಿಯಂತೆ ಮೌನ! ಒಂದು ಇಡೀ ದಿನ ಯೋಚಿಸಿದ ಮೇಲೆ ಹೊಳೆಯಿತು: ಅಕ್ಕನ ಮನೆಯಲ್ಲಿದ್ದದ್ದು ಒಂದೇ ಪ್ಲಗ್ ಬೋರ್ಡು. ನಮ್ಮಲ್ಲಿ ಕಂಪ್ಯೂಟರ್ ಹಜಾರದ ಗೋಡೆಗೆ, ಪೆಟ್ಟಿಗೆ ಕೋಣೆಯ ಗೋಡೆಗೆ. ಎರಡು ಅರ್ತ್ ದಾರಿಗಳ ನಡುವೆ ಹಾಡಿನ ತಂತಿಯೇ ಸೇತುವೆಯಾಗಿ ಕರೆಂಟು ಪ್ರದಕ್ಷಿಣೆ ಹಾಕುತ್ತಿತ್ತು. ಮೂರನೇ ಪಿನ್ನು ಮುರಿದುಬಿಡು ಅಂತ ಭಾವನ ಸಲಹೆ. ಗುಮ್ ಹೋಗುತ್ತಿತ್ತು ನಿಜ, ಒಂದು ದಿನ ಅದರ ಹಿಂದೆಯೇ ನಾನೂ. ಕಡೂರಿಗೆ ಬಂದು ಎಕ್ಸ್‌ಟೆನ್ಷನ್ ಬಾಕ್ಸ್ ಕೊಂಡು ಎರಡನ್ನೂ ಅದಕ್ಕೇ ಚುಚ್ಚಿದೆ. ಮುಗಿಯಿತು.

ಈಗ ಹೆಡ್‌ಫೋನಿನಲ್ಲಿ ತಂಬೂರಿ ಬಿಟ್ಟರೆ ಬೇರೆ ಗುಂಯ್ ಇಲ್ಲ. ಮನೆ ಮುಂದಿನ ಕಂಬದ ಟ್ರಾನ್ಸ್‌ಫಾರ್ಮರ್ ಮಾತ್ರ ಹಗಲೂ ರಾತ್ರಿ ಅದೇ 100ರಲ್ಲಿ ಗುನುಗುತ್ತದೆ. ಅಮ್ಮ ಸಂಜೆಯ ದೇವರನಾಮಕ್ಕೆ ಅದನ್ನೇ ಹಿಡಿದಿದ್ದಾಳೆ. ಕರೆಂಟು ಹೋದ ದಿನ ಶ್ರುತಿ ತಪ್ಪುತ್ತಾಳೆ.